ಮುರುಗಲು, ಪುನರ್ಪುಳಿ: ತುಪ್ಪ ಎಲ್ಲಿಗೆ, ಹುಳಿ ಎಲ್ಲಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುರುಗಲು, ಪುನರ್ಪುಳಿ, ಬಿರಿಂಡ, ಕೋಕಂ ಎಲ್ಲ ಒಂದೇ ಮರವೇ?

ಒಂದೇ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಮುರುಗಲು ಅನ್ನುತ್ತಾರೆ, ಮಂಗಳೂರು, ಪುತ್ತೂರಿನ ಕಡೆ ಪುನರ್ಪುಳಿ. ಕೊಂಕಣಿ ಮನೆಗಳಲ್ಲಿ ಬಿರಿಂಡ, ಬಾಟಲಿಯ ಚೀಟಿಯ ಮೇಲೆ ಕೋಕಂ. ಆಯುರ್ವೇದ ಇದನ್ನು ವೃಕ್ಷಾಮ್ಲ ಎಂದು ಕರೆಯುತ್ತದೆ, ಸಸ್ಯಶಾಸ್ತ್ರದಲ್ಲಿ ಗಾರ್ಸೀನಿಯಾ ಇಂಡಿಕಾ. ಪಶ್ಚಿಮ ಘಟ್ಟ ಮತ್ತು ಕರಾವಳಿಯ ನಿತ್ಯಹಸಿರು ಮರ. ಕೊಂಬೆಗಳು ಜೋತುಬಿದ್ದಿರುತ್ತವೆ, ಚಿಗುರು ಕೆಂಪು. ಹಣ್ಣು ಬೇಸಿಗೆಯಲ್ಲಿ ಮಾಗಲು ಶುರುವಾಗಿ ಮಳೆ ಹಿಡಿಯುವವರೆಗೂ ಉದುರುತ್ತದೆ. ಕೆಂಪು ಬರದೆ ಹಳದಿಯಾಗಿಯೇ ಮಾಗುವ ಹಣ್ಣಿನ ಮರವೂ ಉಂಟು. ಅದು ಬಿಳಿ ಮುರುಗಲು. ಅದರ ಪಾನಕಕ್ಕೆ ಬಣ್ಣವಿಲ್ಲ, ಹುಳಿಗೇನೂ ಕಡಿಮೆಯಿಲ್ಲ.

ಉಪ್ಪಾಗೆ ಬೇರೆಯೇ?

ಬೇರೆ, ಆದರೆ ದಾಯಾದಿ. ಉಪ್ಪಾಗೆ ಹಣ್ಣು ಪುಟ್ಟ ಕುಂಬಳಕಾಯಿಯಂತೆ ಗೀರು ಗೀರಾಗಿ, ಹಳದಿಯಾಗಿರುತ್ತದೆ. ಅದರ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಕಪ್ಪು ಮಾಡುತ್ತಾರೆ. ಮುರುಗಲ ಹಣ್ಣು ನುಣುಪು, ಗುಂಡಗೆ, ಕೆಂಪಿನಿಂದ ಕಡುನೇರಳೆ. ಉಪ್ಪಾಗೆ ಬೀಜದಿಂದಲೂ ತುಪ್ಪ, ಅಂದರೆ ಬೀಜದ ಗಟ್ಟಿ ಕೊಬ್ಬು, ತೆಗೆಯುತ್ತಾರೆ, ಅದನ್ನೂ ಚರ್ಮದ ಒಡಕಿಗೆ ಹಚ್ಚುತ್ತಾರೆ. ಈ ಪುಟದಲ್ಲಿರುವ ಅಳತೆಗಳು ಮಾತ್ರ ಮುರುಗಲಿನವು.

ಮರದ ಯಾವ ಭಾಗ ಯಾವುದಕ್ಕೆ?

ಇದೊಂದು ಗೊತ್ತಾದರೆ ಅರ್ಧ ತಪ್ಪು ತಪ್ಪಿದಂತೆ. ಮುರುಗಲು ಎರಡು ಮದ್ದು ಕೊಡುತ್ತದೆ, ಎರಡರ ಗುಣವೂ ತದ್ವಿರುದ್ಧ. ಸಿಪ್ಪೆಯಲ್ಲಿ ಹುಳಿ, ಬೀಜದಲ್ಲಿ ಕೊಬ್ಬು. ಸಿಪ್ಪೆ ಹೊಟ್ಟೆಗೆ, ಬಾಯಾರಿಕೆಗೆ, ಮೈ ಮೇಲೆ ಏಳುವ ಗಂಧೆಗೆ. ಬೀಜದ ತುಪ್ಪ ಒಡೆದ, ಒಣಗಿದ ಚರ್ಮಕ್ಕೆ. ಒಡೆದ ಹಿಮ್ಮಡಿಗೆ ಸಿಪ್ಪೆಯ ರಸ ಹಚ್ಚಿದರೆ ಉರಿದು ಪ್ರಾಣ ಹೋಗುತ್ತದೆ. ಬೆವರುಸಾಲೆಗೆ ತುಪ್ಪ ಬಳಿದರೆ ಬೆವರಿನ ದಾರಿ ಇನ್ನಷ್ಟು ಮುಚ್ಚಿ ಗುಳ್ಳೆ ಹೆಚ್ಚುತ್ತದೆ. ‘ಮುರುಗಲು ಚರ್ಮಕ್ಕೆ ಒಳ್ಳೆಯದು’ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡುವ ಬರಹಗಳಿಂದಲೇ ಈ ಎಡವಟ್ಟು ಆಗುವುದು.

ಎಳೆ ಚಿಗುರನ್ನು ಆಮಶಂಕೆಗೆ ಕೊಡುವ ರೂಢಿಯಿದೆ. ತೊಗಟೆಯನ್ನೂ ಮದ್ದಿಗೆ ಬಳಸುತ್ತಾರೆ, ಆದರೆ ಮನೆಮದ್ದಿಗೆಂದು ತೊಗಟೆ ಕೆತ್ತುವುದು ಬೇಡ. ಸಿಪ್ಪೆ ಮತ್ತು ತುಪ್ಪ ಮಾಡದ ಕೆಲಸವನ್ನು ಅದು ಮಾಡುವುದಿಲ್ಲ, ಮರ ಮಾತ್ರ ಸೊರಗುತ್ತದೆ.

ಮುರುಗಲ ತುಪ್ಪ ಒಡಕಿಗೆ ಏಕೆ ಅಷ್ಟು ಚೆನ್ನಾಗಿ ಹಿಡಿಯುತ್ತದೆ?

ಇದು ಗಟ್ಟಿ ಕೊಬ್ಬು. ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಎಂಬ ಗಟ್ಟಿ ಬಗೆಯ ಕೊಬ್ಬಿನಾಮ್ಲ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಓಲಿಯಿಕ್ ಎಂಬ ಮೆತ್ತನೆಯ ಬಗೆಯದು. ಕರಗುವುದು ಸುಮಾರು 39ರಿಂದ 43 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗಿ ಹರಿದುಹೋಗುತ್ತದೆ. ನಮ್ಮ ಅಂಗಾಲಿನ ಚರ್ಮದ ಬಿಸಿ ಮುರುಗಲ ತುಪ್ಪವನ್ನು ಕರಗಿಸುವಷ್ಟಿಲ್ಲ. ಹೀಗಾಗಿ ಬಿಸಿ ಮಾಡಿ ಹಚ್ಚಿದ್ದು ಒಡಕಿನೊಳಗೆ ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ, ಬಿರುಕಿಗೆ ಅರಗು ತುಂಬಿದ ಹಾಗೆ. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಹೊರಗಿನ ದೂಳು ಒಳಗೆ ಬರುವುದಿಲ್ಲ. ಚರ್ಮ ತಾನಾಗಿಯೇ ಕೂಡಿಕೊಳ್ಳಲು ಅವಕಾಶ ಸಿಗುತ್ತದೆ. ತುಪ್ಪದ ಕೆಲಸ ಕಾವಲು ಕಾಯುವುದು, ಅಷ್ಟೇ.

ಹಿಮ್ಮಡಿ ಒಡಕಿಗೆ ಹಚ್ಚುವ ಸರಿಯಾದ ಕ್ರಮ ಯಾವುದು?

ರಾತ್ರಿ ಮಲಗುವ ಮುಂಚೆ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡ. ತುಂಬ ಹೊತ್ತು ನೆಂದ ಚರ್ಮ ಆಮೇಲೆ ಇನ್ನಷ್ಟು ಒಣಗುತ್ತದೆ. ಮೆತ್ತಗಾದ ಸತ್ತ ಚರ್ಮವನ್ನು ಒರಟು ಕಲ್ಲಿನಿಂದ ಹಗುರಾಗಿ, ಒಂದೇ ದಿಕ್ಕಿನಲ್ಲಿ ಉಜ್ಜಿ ತೆಗೆಯಿರಿ. ಬ್ಲೇಡು ಮುಟ್ಟಬೇಡಿ. ಬಟ್ಟೆಯಲ್ಲಿ ಒತ್ತಿ ಒರೆಸಿ, ಐದು ನಿಮಿಷ ಗಾಳಿಗೆ ಬಿಡಿ.

ಈಗ ತುಪ್ಪ. ಅರ್ಧ ಚಮಚ ಸಾಕು. ಸಣ್ಣ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿ ನೀರಿರುವ ಪಾತ್ರೆಯಲ್ಲಿ ಕೂರಿಸಿ ಕರಗಿಸಿ. ಮುಂಗೈ ಒಳಭಾಗಕ್ಕೆ ಒಂದು ಹನಿ ಹಾಕಿ ನೋಡಿ. ಹಿತವಾದ ಬಿಸಿ ಇದ್ದರೆ ಮಾತ್ರ ಹತ್ತಿಯಿಂದ ಒಡಕಿಗೆ ಇಳಿಸಿ. ಎರಡು ನಿಮಿಷದಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಸಾಧಾರಣ ಒಡಕು ಒಂದು ವಾರ, ಹತ್ತು ದಿನದಲ್ಲಿ ಕೂಡುತ್ತದೆ. ಅಂಚು ಗಟ್ಟಿಯಾಗಿ ಹಳದಿಗಟ್ಟಿದ ಹಳೆಯ ಒಡಕಿಗೆ ತಿಂಗಳು ಬೇಕು. ಕೂಡಿದ ಮೇಲೂ ವಾರಕ್ಕೆ ಎರಡು ಸಲ ಹಚ್ಚದಿದ್ದರೆ ಚಳಿಗಾಲದಲ್ಲಿ ಮತ್ತೆ ಬಾಯಿಬಿಡುತ್ತದೆ.

ತುಪ್ಪವನ್ನು ಚಮಚದಲ್ಲಿಟ್ಟು ದೀಪದ ಮೇಲೆ ಕಾಸಿ, ಸುಡುಸುಡುವಾಗಿಯೇ ಒಡಕಿಗೆ ಬಿಡುವವರಿದ್ದಾರೆ. ‘ಚುರ್ ಅಂದರೇನೇ ಹಿಡಿಯುವುದು’ ಎಂಬ ನಂಬಿಕೆ. ಚುರ್ ಅಂದರೆ ಚರ್ಮ ಸುಟ್ಟಿತೆಂದು ಅರ್ಥ. ಕರಗಿದ ಕೊಬ್ಬಿಗೆ ನೀರಿನ ಹಾಗೆ 100 ಡಿಗ್ರಿಯ ಮಿತಿ ಇಲ್ಲ, ಬೆಂಕಿಯ ಮೇಲೆ ಅದಕ್ಕಿಂತ ಎಷ್ಟೋ ಮೇಲೇರುತ್ತದೆ.

ಸಕ್ಕರೆ ಕಾಯಿಲೆ ಇದ್ದವರು ಹಚ್ಚಬಹುದೇ?

ಒಡಕಿಲ್ಲದ ಒಣ ಚರ್ಮಕ್ಕೆ, ಕರಗಿಸದೆ, ಅಂಗೈಯಲ್ಲಿ ಉಜ್ಜಿ ಮೆತ್ತಗಾದದ್ದನ್ನು ಹಚ್ಚಬಹುದು. ಬಿಸಿ ತುಪ್ಪ ಬೇಡವೇ ಬೇಡ. ಪಾದದ ಸ್ಪರ್ಶ ಕಡಿಮೆಯಾಗಿರುವವರಿಗೆ ಸುಟ್ಟದ್ದು ಗೊತ್ತಾಗುವುದು ಮರುದಿನ ಬೊಬ್ಬೆ ಕಂಡಾಗಲೇ. ಕಾಲು ಬೆರಳ ಸಂದಿಗೂ ಹಚ್ಚಬಾರದು. ಅಲ್ಲಿ ಮೊದಲೇ ಒದ್ದೆ, ಮೇಲೆ ಕೊಬ್ಬು ಮುಚ್ಚಿದರೆ ಶಿಲೀಂಧ್ರಕ್ಕೆ ಮನೆ ಕಟ್ಟಿಕೊಟ್ಟಂತೆ. ಒಡಕಿನಲ್ಲಿ ರಕ್ತ, ಕೀವು, ಸುತ್ತ ಕೆಂಪು ಅಥವಾ ಬಾವು ಕಂಡರೆ ಮನೆಮದ್ದಿನ ಮಾತು ಅಲ್ಲಿಗೆ ಮುಗಿಯಿತು. ಅದೇ ದಿನ ವೈದ್ಯರಿಗೆ ತೋರಿಸಿ.

ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಿಂದ ಬೆರಳ ಸಂದಿ ಕೊಳೆತರೆ?

ಕೆಸರಿಗೆ ಇಳಿಯುವ ಮುನ್ನ, ಒಣಗಿದ ಕಾಲಿಗೆ ತೆಳ್ಳಗೆ ಹಚ್ಚಿಕೊಂಡರೆ ನೀರು ಚರ್ಮಕ್ಕೆ ಅಂಟದ ಹಾಗೆ ತಡೆಯುತ್ತದೆ. ಬಂದ ಮೇಲೆ ಸಾಬೂನಿನಿಂದ ತೊಳೆದು, ಸಂದಿ ಸಂದಿ ಒರೆಸಿ ಒಣಗಿಸಬೇಕು. ಆಗಲೇ ಬೆಳ್ಳಗೆ ನೆಂದು, ತುರಿಸಿ, ಕೊಳೆತಿದ್ದರೆ ತುಪ್ಪ ಬೇಡ. ಅದಕ್ಕೆ ಶಿಲೀಂಧ್ರನಾಶಕ ಮುಲಾಮು ಬೇಕು.

ಮನೆಯಲ್ಲಿ ತುಪ್ಪ ತೆಗೆಯುವುದು ಹೇಗೆ? ಎಷ್ಟು ಬರುತ್ತದೆ?

ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ 5ರಿಂದ 8 ಬೀಜ. ಒಣ ಬೀಜದಲ್ಲಿ ಇರುವ ಕೊಬ್ಬು ತೂಕದ ಕಾಲು ಭಾಗದಷ್ಟು, ಅಂದರೆ ಒಂದು ಕಿಲೋಗೆ 230ರಿಂದ 260 ಗ್ರಾಂ. ಕುದಿಸಿ ತೆಗೆಯುವ ಮನೆಯ ವಿಧಾನದಲ್ಲಿ ಅಷ್ಟೂ ಕೈಗೆ ಬರುವುದಿಲ್ಲ, ಹಿಂಡಿಯಲ್ಲಿ ಸಾಕಷ್ಟು ಉಳಿಯುತ್ತದೆ. 150 ಗ್ರಾಂ ಬಂದರೆ ಬೇಸರಪಡಬೇಡಿ.

ಬೀಜಕ್ಕೆ ಅಂಟಿದ ಲೋಳೆಯನ್ನು ತಿಕ್ಕಿ ತೊಳೆಯುವುದು ಮೊದಲ ಕೆಲಸ. ಲೋಳೆಯಲ್ಲಿ ಸಿಹಿಯಿದೆ. ಬಿಟ್ಟರೆ ಹುಳಿತು, ಬೂಷ್ಟು ಹಿಡಿಯುತ್ತದೆ. ಆಮೇಲೆ ಒಣಗಿಸುವುದು. ನಿಜವಾದ ಕಷ್ಟ ಇಲ್ಲೇ: ಹಣ್ಣು ಮುಗಿಯುವ ಹೊತ್ತಿಗೆ ಮಳೆ ಬಂದಿರುತ್ತದೆ. ಬಿಸಿಲು ಸಿಕ್ಕಷ್ಟು ದಿನ ಹರವಿ, ಉಳಿದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಬೀಜ ಅಲ್ಲಾಡಿಸಿದರೆ ಒಳಗೆ ತಿರುಳು ಗಲಗಲ ಅನ್ನಬೇಕು. ಸರಿಯಾಗಿ ಒಣಗದ ಬೀಜದ ತುಪ್ಪ ಕಂದುಬಣ್ಣಕ್ಕೆ ತಿರುಗಿ ಕಮಟು ವಾಸನೆ ಹೊಡೆಯುತ್ತದೆ. ತೇವದಲ್ಲಿ ಕೊಬ್ಬು ಒಡೆದು ಬಿಡಿ ಆಮ್ಲಗಳಾಗುವುದೇ ಅದಕ್ಕೆ ಕಾರಣ, ಆಮೇಲೆ ಎಷ್ಟು ಕಾಸಿದರೂ ಅದು ಸರಿಹೋಗದು.

ಒಣ ಬೀಜವನ್ನು ಒಡೆದು, ಮೇಲಿನ ಸಿಪ್ಪೆ ಕೇರಿ ತೆಗೆದು, ತಿರುಳನ್ನು ಒರಳಿನಲ್ಲಿ ಜಿಡ್ಡು ಬಿಡುವವರೆಗೆ ಕುಟ್ಟಿ. ಮಿಕ್ಸಿಯಾದರೆ ಸ್ವಲ್ಪ ಬಿಸಿ ನೀರು ಸೇರಿಸಿ ನುಣ್ಣಗೆ ರುಬ್ಬಿ. ತರಿ ಉಳಿದಷ್ಟೂ ತುಪ್ಪ ಅದರೊಳಗೇ ಉಳಿಯುತ್ತದೆ. ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಹಿಟ್ಟಿನ ನಾಲ್ಕರಷ್ಟು ನೀರು ಕುದಿಸಿ, ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಒಂದೂವರೆ ಎರಡು ತಾಸು ಬಿಡಿ. ಉಕ್ಕುತ್ತದೆ, ಹಾಗಾಗಿ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ನೀರು ಕಡಿಮೆಯಾದರೆ ಬಿಸಿ ನೀರನ್ನೇ ಸೇರಿಸಿ. ಮೇಲೆ ಜಿಡ್ಡಿನ ಹೊಳಪು ಮೊದಲು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆಗಳು ಒಂದಕ್ಕೊಂದು ಸೇರಿ ಚಾದರದಂತೆ ಹರಡಿದಾಗ ಉರಿ ಆರಿಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ.

ಬೆಳಿಗ್ಗೆ ಮೇಲೆ ಬೂದುಬಿಳಿಯ ಹಪ್ಪಳದಂಥ ಪದರ ನಿಂತಿರುತ್ತದೆ. ಅಂಚಿಗೆ ಚಾಕು ಆಡಿಸಿದರೆ ಚಟ್ಟನೆ ಒಡೆದು ತುಂಡಾಗಿ ಏಳುತ್ತದೆ. ತಿರುಗಿಸಿ ನೋಡಿದರೆ ಕೆಳಮೈಗೆ ಕಂದು ಗಸಿ ಮೆತ್ತಿರುತ್ತದೆ. ಅದನ್ನು ಹೆರೆದು ತೆಗೆಯಿರಿ, ಮುಂದೆ ತುಪ್ಪ ಕೆಡುವುದು ಈ ಗಸಿಯಿಂದಲೇ. ತುಂಡುಗಳನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಉಳಿದ ನೀರು ಚಟಪಟ ಅನ್ನುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಒಣಗಿದ ಲೋಟ ಅಥವಾ ಚಿಪ್ಪಿಗೆ ಹೊಯ್ಯಿರಿ. ಸದ್ದು ನಿಲ್ಲುವ ಮೊದಲೇ ಸೋಸುವ ಆತುರದಿಂದ ಎಷ್ಟೋ ಮನೆಯ ತುಪ್ಪ ಮಳೆಗಾಲ ದಾಟುವುದಿಲ್ಲ.

ಕೊಂಡ ತುಪ್ಪ ಅಸಲಿಯೋ ಎಂದು ತಿಳಿಯುವುದು ಹೇಗೆ?

ಅಸಲಿಯದು ಬೇಸಿಗೆಯಲ್ಲೂ ಗಟ್ಟಿ. ಒತ್ತಿದರೆ ಬೆರಳಿಳಿಯದೆ ಸಿಡಿದು ತುಂಡಾಗುತ್ತದೆ. ಅಂಗೈಯಲ್ಲಿಟ್ಟರೆ ಬೆಣ್ಣೆಯ ಹಾಗೆ ಕೂಡಲೇ ಕರಗುವುದಿಲ್ಲ, ಉಜ್ಜಿದ ಮೇಲೆ ನಿಧಾನವಾಗಿ ಜಾರುತ್ತದೆ. ಮುಟ್ಟಿದೊಡನೆ ಎಣ್ಣೆಯಾದರೆ ಬೇರೆ ಎಣ್ಣೆ ಬೆರೆತಿದೆ. ಇನ್ನೊಂದು ಬದಿಯ ಮೋಸ ಮೇಣದ್ದು. ಒಂದು ಚೂರನ್ನು ಬಟ್ಟಲಿಗೆ ಹಾಕಿ, 50 ಡಿಗ್ರಿ ಬಿಸಿಯ ನೀರಿನಲ್ಲಿ ಬಟ್ಟಲನ್ನು ಹತ್ತು ನಿಮಿಷ ನಿಲ್ಲಿಸಿ. ತುಪ್ಪ ಪೂರ್ತಿ ತಿಳಿಯಾಗಬೇಕು. ಮಧ್ಯೆ ಬಿಳಿ ಗಂಟು ಉಳಿದರೆ ಮೇಣವೆಂದು ಸಂಶಯಪಡಿ. ಬಣ್ಣ ಅಚ್ಚ ಬಿಳಿ, ವಾಸನೆಯೇ ಇಲ್ಲ ಎಂದಾದರೆ ಅದು ಕಾರ್ಖಾನೆಯಲ್ಲಿ ಶುದ್ಧೀಕರಿಸಿದ್ದಿರಬಹುದು. ಅದು ಕಲಬೆರಕೆಯಲ್ಲ. ಮನೆಯದು ಬೂದು ಅಥವಾ ತಿಳಿಹಳದಿ, ಸಣ್ಣಗೆ ಬೀಜದ ವಾಸನೆ ಇರುತ್ತದೆ.

ಗಟ್ಟಿ ತುಪ್ಪ ಹಚ್ಚಲು ಕಷ್ಟ. ಮುಲಾಮು ಮಾಡಿಕೊಳ್ಳಬಹುದೇ?

ಮಾಡಬಹುದು. ಕೈಕಾಲಿಗೆ: ಒಂದು ಭಾಗ ಮುರುಗಲ ತುಪ್ಪ, ಮೂರು ಭಾಗ ತೆಂಗಿನೆಣ್ಣೆ, ತೂಕದಲ್ಲಿ. ಬೇಸಿಗೆಯಲ್ಲಿ ಎಣ್ಣೆಯನ್ನು ಎರಡು ಭಾಗಕ್ಕೆ ಇಳಿಸಿ, ಇಲ್ಲದಿದ್ದರೆ ಡಬ್ಬಿಯಲ್ಲಿ ಹರಿದಾಡುತ್ತದೆ. ತುಟಿಗೆ: 10 ಗ್ರಾಂ ಜೇನುಮೇಣ, 10 ಗ್ರಾಂ ಮುರುಗಲ ತುಪ್ಪ, 30 ಗ್ರಾಂ ತೆಂಗಿನೆಣ್ಣೆ. ಮೇಣವನ್ನು ಮೊದಲು ಕರಗಿಸಬೇಕು. ಅದು ಕರಗುವುದು 62 ಡಿಗ್ರಿಯ ಮೇಲೆ, ತುಪ್ಪಕ್ಕೆ ಅಷ್ಟು ಬೇಕಿಲ್ಲ.

ಮಾಡಿದ ಮುಲಾಮು ರವೆಯ ಹಾಗೆ ತರಿ ತರಿ ಆಗಿದೆ. ಕೆಟ್ಟಿದೆಯೇ?

ಕೆಟ್ಟಿಲ್ಲ, ನಿಧಾನವಾಗಿ ಆರಿದೆ. ಈ ಕೊಬ್ಬು ಬಿಸಿಯಿಂದ ತಾನಾಗಿ ಆರುತ್ತ ಹೋದರೆ ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ, ಜೋನಿ ಬೆಲ್ಲ ಹರಳುಗಟ್ಟಿದ ಹಾಗೆ. ಮತ್ತೆ ಪೂರ್ತಿ ಕರಗಿಸಿ, ಒಂದು ಚೂರೂ ಗಟ್ಟಿ ಉಳಿಯದಂತೆ ಐದು ನಿಮಿಷ ಬಿಸಿಯಲ್ಲಿಡಿ. ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿ ಕೂರಿಸಿ ಗಟ್ಟಿಯಾಗಲು ಶುರುವಾಗುವವರೆಗೆ ತಿರುವುತ್ತಲೇ ಇರಿ. ತಣ್ಣೀರಿನ ಒಂದು ಹನಿಯೂ ಒಳಗೆ ಬೀಳದಿರಲಿ.

ಲೋಳೆಸರದ ತಿರುಳು, ಪನ್ನೀರು, ಅರಿಸಿನ ಸೇರಿಸಬಹುದೇ?

ನೀರಿನಂಶವಿರುವ ಯಾವುದನ್ನೂ ಸೇರಿಸಬೇಡಿ. ಕೊಬ್ಬು ಮಾತ್ರ ಇರುವಲ್ಲಿ ಬೂಷ್ಟು ಬೆಳೆಯದು, ನೀರು ಸೇರಿದರೆ ವಾರದಲ್ಲಿ ಹಿಡಿಯುತ್ತದೆ. ಲೋಳೆಸರ ಬೇಕೆಂದರೆ ಮೊದಲು ಅದನ್ನು ಚರ್ಮಕ್ಕೆ ಹಚ್ಚಿ, ಒಣಗಿದ ಮೇಲೆ ತುಪ್ಪ ಹಚ್ಚಿ. ಅರಿಸಿನ ಚಿಟಿಕೆ ಹಾಕಬಹುದು, ಹಾಸಿಗೆಯ ಬಟ್ಟೆ ಹಳದಿಯಾದರೆ ನಮ್ಮನ್ನು ಬೈಯಬೇಡಿ.

ಮುಖಕ್ಕೆ ಹಚ್ಚಬಹುದೇ? ಬಣ್ಣ ಬೆಳ್ಳಗಾಗುತ್ತದೆಯೇ?

ಬೆಳ್ಳಗಾಗುವುದಿಲ್ಲ. ಚಳಿಗೆ ಬಿರಿದ ಕೆನ್ನೆ, ಮೂಗಿನ ಪಕ್ಕದ ಒಣ ಹುರುಪೆಗೆ ಸಾಸಿವೆ ಕಾಳಿನಷ್ಟು ಹಚ್ಚಬಹುದು. ಎಣ್ಣೆ ಚರ್ಮ, ಮೊಡವೆ ಇದ್ದವರು ಮುಖಕ್ಕೆ ಬಳಸದಿರುವುದೇ ಲೇಸು. ಬಿಸಿಲಿನಿಂದ ಚರ್ಮವನ್ನು ಇದು ಕಾಪಾಡುವುದೂ ಇಲ್ಲ. ಮೊದಲ ಸಲ ಬಳಸುವವರು ಮೊಣಕೈ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾಯಿರಿ, ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮುಂದುವರಿಯಿರಿ.

ಸುಟ್ಟ ಗಾಯಕ್ಕೆ?

ತಕ್ಷಣಕ್ಕೆ ಖಂಡಿತ ಬೇಡ. ಯಾವ ಕೊಬ್ಬು ಹಚ್ಚಿದರೂ ಒಳಗಿನ ಬಿಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ವೈದ್ಯರು ಆಮೇಲೆ ಅದನ್ನು ತೊಳೆದು ತೆಗೆಯುವಾಗ ನೋವು ಇಮ್ಮಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಾಯ ಪೂರ್ತಿ ಮಾಗಿ ಹೊಸ ಚರ್ಮ ಬಂದು, ಅದು ಬಿಗಿದು ತುರಿಸುವಾಗ ತುಪ್ಪಕ್ಕೆ ಕೆಲಸವಿದೆ.

ಬಾಣಂತಿಯ ಮೊಲೆತೊಟ್ಟು ಒಡೆದರೆ, ಕೂಸಿನ ಚರ್ಮಕ್ಕೆ?

ತೊಟ್ಟಿಗೆ ಬೇರೇನೂ ಬೆರೆಸದ ಶುದ್ಧ ತುಪ್ಪವನ್ನು ತೆಳ್ಳಗೆ ಹಚ್ಚಿ, ಹಾಲೂಡಿಸುವ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಒಡಕು ಮತ್ತೆ ಮತ್ತೆ ಬರುತ್ತಿದ್ದರೆ ಕೂಸು ತೊಟ್ಟು ಹಿಡಿಯುವ ರೀತಿಯಲ್ಲೇ ತೊಡಕಿರುತ್ತದೆ, ಅದನ್ನು ಸರಿಪಡಿಸದೆ ಮದ್ದು ಹಚ್ಚಿ ಫಲವಿಲ್ಲ. ಕೂಸಿನ ಮೈ ತಿಕ್ಕಲು ಈ ತುಪ್ಪ ತೀರಾ ಗಟ್ಟಿ.

ಪಿತ್ತಗಂಧೆ ಎದ್ದಾಗ ಪುನರ್ಪುಳಿ ಹಚ್ಚುತ್ತಾರಲ್ಲ, ಹೇಗೆ?

ಇದು ಸಿಪ್ಪೆಯ ಕೆಲಸ. ಉಪ್ಪು ಹಾಕದ ಒಣ ಸಿಪ್ಪೆ ಐದಾರು ಹೋಳು ತೊಳೆದು, ಒಂದು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಿ. ಅಷ್ಟೇ ನೀರು ಸೇರಿಸಿ ತೆಳ್ಳಗೆ ಮಾಡಿ, ಬಟ್ಟೆ ಅದ್ದಿ ಗಂಧೆಯ ಮೇಲೆ 10 ನಿಮಿಷ ಇಟ್ಟು, ಬರೀ ನೀರಿನಲ್ಲಿ ತೊಳೆಯಿರಿ. ತಂಪಿಗೇ ತುರಿಕೆ ಅರ್ಧ ಇಳಿಯುತ್ತದೆ. ತುರಿಸಿ ಗಾಯವಾದ ಜಾಗ, ಕಣ್ಣಿನ ಸುತ್ತ, ಚಿಕ್ಕ ಮಕ್ಕಳ ಮೈ, ಇಲ್ಲೆಲ್ಲ ಬೇಡ. ಜೊತೆಗೆ ಸಿಪ್ಪೆಯ ಸಪ್ಪೆ ಸಾರನ್ನು ಕುಡಿಸುವುದೂ ರೂಢಿ.

ತುಟಿ, ಕಣ್ಣುರೆಪ್ಪೆ ಊದಿಕೊಂಡರೆ, ಗಂಟಲು ಬಿಗಿದರೆ, ಉಸಿರು ಸಿಕ್ಕಿದರೆ, ತಲೆ ತಿರುಗಿದರೆ ಸಿಪ್ಪೆ ಹುಡುಕುತ್ತ ಕೂರಬೇಡಿ. ಅದು ತೀವ್ರ ಅಲರ್ಜಿ, ನಿಮಿಷ ನಿಮಿಷವೂ ಲೆಕ್ಕ. ನೇರ ಆಸ್ಪತ್ರೆಗೆ ಹೋಗಬೇಕು. ಗಂಧೆ ಆರು ವಾರ ಬಿಡದೆ ಬರುತ್ತಿದ್ದರೂ ವೈದ್ಯರಿಗೆ ತೋರಿಸಿ.

ಪಾನಕಕ್ಕೆ ಹಣ್ಣು ಕೂಡಿಡುವ ಅಳತೆ?

ಮಾಗಿದ ಹಣ್ಣನ್ನು ತೊಳೆದು, ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ, ಮೇಲೆ ಸಕ್ಕರೆಯೇ ಇರುವಂತೆ ಮುಗಿಸಿ. ಬಾಯಿಗೆ ಬಟ್ಟೆ ಕಟ್ಟಿ ಏಳು ದಿನ ಇಟ್ಟು, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಿ. ಸಿಪ್ಪೆ ಸುಕ್ಕುಗಟ್ಟಿ ರಸವೆಲ್ಲ ಕಡುಗೆಂಪು ಪಾಕವಾಗಿ ಇಳಿಯುತ್ತದೆ. ಸೋಸಿ ಬಾಟಲಿಗೆ ತುಂಬಿ. ಒಂದು ಭಾಗ ಪಾಕಕ್ಕೆ ಐದಾರು ಭಾಗ ನೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ.

ಸಕ್ಕರೆ ಅತಿಯಾಯಿತೆಂದು ಒಂದಕ್ಕೊಂದು ಹಾಕಿದರೆ ಪಾಕ ನೊರೆಯೆದ್ದು ಹುಳಿಯುತ್ತದೆ. ಇಲ್ಲಿ ಸಕ್ಕರೆ ರುಚಿಗಲ್ಲ, ಕಾಪಾಡುವುದಕ್ಕೆ. ಸಕ್ಕರೆ ಬೇಡದವರು ಸಿಪ್ಪೆ ಒಣಗಿಸಿಟ್ಟುಕೊಂಡು, ಎಂಟು ಹೋಳನ್ನು ಎರಡು ಲೋಟ ನೀರಿನಲ್ಲಿ ಎರಡು ತಾಸು ನೆನೆಸಿ ಕುಡಿಯಲಿ.

ರಸದ ಬಣ್ಣ ಏಕೆ ಬದಲಾಗುತ್ತದೆ?

ಕೆಂಪು ಕೊಡುವುದು ಆಂಥೋಸಯನಿನ್ ವರ್ಣದ್ರವ್ಯ. ಹುಳಿಯಲ್ಲಿ ಅದು ಮಾಣಿಕ್ಯದಂತೆ ಕೆಂಪು, ಸೋಡಾಪುಡಿ ಬಿದ್ದರೆ ನೀಲಿಹಸಿರಿಗೆ ತಿರುಗುತ್ತದೆ. ಲೋಟ ತೊಳೆಯುವಾಗ ಸಾಬೂನು ತಾಗಿದ ಕಡೆ ನೀಲಿಗೆರೆ ಮೂಡುವುದನ್ನು ನೋಡಿಯೇ ಇರುತ್ತೀರಿ. ಹೆಚ್ಚು ಹೊತ್ತು ಕುದಿಸಿದರೆ ಕಂದಾಗುತ್ತದೆ, ಹಾಗಾಗಿ ಸಾರಿಗೆ ಸಿಪ್ಪೆಯನ್ನು ಕೊನೆಗೆ ಹಾಕಿ. ಪಾತ್ರೆ ಸ್ಟೀಲು, ಗಾಜು, ಪಿಂಗಾಣಿ ಇರಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ: ಈ ಹುಳಿ ಲೋಹವನ್ನು ತಿನ್ನುತ್ತದೆ.

ಹೊಟ್ಟೆಯುರಿ, ಆಸಿಡಿಟಿಗೆ ಪುನರ್ಪುಳಿ ಒಳ್ಳೆಯದೇ?

ಪಿತ್ತ ಶಮನ ಮಾಡುತ್ತದೆ ಎಂಬುದು ಬಲವಾದ ರೂಢಿ. ಊಟದ ನಂತರದ ಭಾರ, ಬಾಯಾರಿಕೆ, ಅಜೀರ್ಣಕ್ಕೆ ತೆಳ್ಳಗಿನ ಸಾರು ಹಿತ. ಆದರೆ ಸಿಪ್ಪೆಯ ಹುಳಿ ಹುಳಿಯೇ, ಅದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್. ಜಠರದಲ್ಲಿ ಹುಣ್ಣಿರುವವರಿಗೆ, ಮಲಗಿದಾಗ ಎದೆಗೆ ಹುಳಿ ಬರುವವರಿಗೆ ಇದು ಉರಿ ಹೆಚ್ಚಿಸಬಹುದು. ಖಾಲಿ ಹೊಟ್ಟೆಯಲ್ಲಿ ಗಟ್ಟಿ ರಸ ಕುಡಿಯಬೇಡಿ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಹಲ್ಲುಜ್ಜಬೇಡಿ. ರಕ್ತದೊತ್ತಡ ಇದ್ದವರು ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಬಿಟ್ಟು ಸಪ್ಪೆಯದನ್ನು ಆರಿಸಲಿ.

ತೂಕ ಇಳಿಯುತ್ತದೆಯೇ?

ಈ ಮಾತು ಹುಟ್ಟಿದ್ದು ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ. ದೇಹ ಸಕ್ಕರೆಯಂಶವನ್ನು ಕೊಬ್ಬಾಗಿಸುವ ದಾರಿಯಲ್ಲಿನ ಒಂದು ಕಿಣ್ವವನ್ನು ಅದು ಪ್ರಯೋಗಾಲಯದಲ್ಲಿ ತಡೆಯುವುದು ನಿಜ. ಮನುಷ್ಯರಲ್ಲಿ ಹಾಗೆ ಆಗಲಿಲ್ಲ. 1998ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 135 ಜನರನ್ನು 12 ವಾರ ನೋಡಿದರು. ಒಂದು ಗುಂಪಿಗೆ ಉಪ್ಪಾಗೆಯ ಸಾರದಿಂದ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಇನ್ನೊಂದಕ್ಕೆ ಬರೀ ಹುಸಿಮಾತ್ರೆ. ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಗಾರ್ಸೀನಿಯಾ ಸಾರದ ಮಾತ್ರೆ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಊಟದ ಸಾರಿಗೆ ಹಾಕುವ ನಾಲ್ಕು ಹೋಳಿಗೂ ಸಾಂದ್ರ ಮಾತ್ರೆಗೂ ಅಜಗಜಾಂತರ, ಒಂದಕ್ಕೆ ಇನ್ನೊಂದರ ಹೆಸರು ಹೇಳಿ ಮಾರುವವರನ್ನು ನಂಬಬೇಡಿ.

ಮುರುಗಲ ತುಪ್ಪ ತಿನ್ನಬಹುದೇ?

ತಿನ್ನುತ್ತಾರೆ. ಬಿಸಿ ಅನ್ನಕ್ಕೆ ಒಂದು ಚಮಚ ಹಾಕಿ ಕಲಸಿ, ತಟ್ಟೆ ಆರುವ ಮೊದಲೇ ಉಣ್ಣಬೇಕು. ಆರಿದರೆ ಅಂಗುಳಕ್ಕೆ ಮೇಣದಂತೆ ಮೆತ್ತುತ್ತದೆ. ಆಮಶಂಕೆಗೆ ಕೊಡುವ ರೂಢಿಯೂ ಇದೆ. ಭೇದಿಯಲ್ಲಿ ಮೊದಲು ಬೇಕಾದದ್ದು ಓಆರ್‌ಎಸ್ ನೀರು. ಮಲದಲ್ಲಿ ರಕ್ತ ಅಥವಾ ಜ್ವರ ಇದ್ದರೆ ವೈದ್ಯರು. ಚರ್ಮಕ್ಕೆಂದು ಮಾರುವ ಡಬ್ಬಿಯ ತುಪ್ಪವನ್ನು, ಕಮಟು ಬಂದದ್ದನ್ನು ಬಾಯಿಗಿಡಬೇಡಿ.

ತುಪ್ಪ ಎಷ್ಟು ಕಾಲ ಇರುತ್ತದೆ?

ನೀರಿನಂಶ ಹೋಗುವಂತೆ ಕಾಸಿದ್ದರೆ, ಮುಚ್ಚಿದ ಡಬ್ಬಿಯಲ್ಲಿ, ಬೆಳಕು ತಾಗದ ಕಡೆ ಒಂದು ವರ್ಷಕ್ಕೆ ಮೋಸವಿಲ್ಲ. ಬೇಗ ಹಾಳಾಗುವ ಬಗೆಯ ಕೊಬ್ಬಿನಾಮ್ಲ ಇದರಲ್ಲಿ ಕಡಿಮೆ. ಒದ್ದೆ ಬೆರಳು ಹಾಕುವುದೊಂದನ್ನು ಬಿಡಬೇಕು.

ಹಿತ್ತಲಲ್ಲಿ ಒಂದು ಸಸಿ ನೆಟ್ಟರೆ ಸಾಕೇ?

ಬೀಜದ ಸಸಿಯಾದರೆ ಅದೃಷ್ಟದ ಆಟ. ಮುರುಗಲಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಡುವವರೆಗೆ, ಅಂದರೆ ಏಳೆಂಟು ವರ್ಷ, ಯಾವುದೆಂದು ಗೊತ್ತಾಗದು. ಕಸಿ ಗಿಡ ತನ್ನಿ. ಅದರ ಕಡ್ಡಿ ಫಸಲು ಕೊಡುವ ಹೆಣ್ಣು ಮರದ್ದೇ, ಅದರಲ್ಲೂ ನೇರ ಬೆಳೆಯುವ ಚಿಗುರಿನದೇ ಎಂದು ಕೇಳಿ. ಪಕ್ಕದ ಕೊಂಬೆಯ ಕಡ್ಡಿಯಿಂದ ಕಟ್ಟಿದ ಕಸಿ ಮರವಾಗದೆ ಪೊದೆಯಂತೆ ಹರಡುತ್ತದೆ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 1997ರಲ್ಲಿ ಬಿಡುಗಡೆ ಮಾಡಿದ ‘ಕೊಂಕಣ ಅಮೃತಾ’ ತಳಿ ಮಳೆ ಹಿಡಿಯುವ ಮೊದಲೇ ಹೆಚ್ಚಿನ ಹಣ್ಣು ಮುಗಿಸುತ್ತದೆ. ಬೀಜ ಒಣಗಿಸಲು ಬಿಸಿಲು ಬೇಕಾದವರಿಗೆ ಅದೇ ದೊಡ್ಡ ಅನುಕೂಲ.